ಕ್ಯಾಸೆಟ್ ಡಬ್ಬಿಯ ಮೇಲೆ ಕ್ಯೂಆರ್ ಕೋಡ್: ಅಂಟಿಸುವ ಮೊದಲು ವಿಳಾಸ ನಿಮ್ಮದಾಗಲಿ

ಪ್ರಶ್ನೆ: ಮೇಡಂ, ನಮಸ್ಕಾರ. ಮುಂಬೈ ಉಪನಗರದ ಒಂದು ಕನ್ನಡ ಸಂಘದ ಲೈಬ್ರರಿಯನ್ನು ನಾವು ಮೂರು ಜನ ಭಾನುವಾರಗಳಂದು ನೋಡಿಕೊಳ್ಳುತ್ತೇವೆ. ಪುಸ್ತಕಗಳ ಜೊತೆ ಸುಮಾರು 600 ವಿಡಿಯೊಗಳಿವೆ. ಯಕ್ಷಗಾನ, ತಾಳಮದ್ದಳೆ, ನಾಟಕ, ಸಾಹಿತ್ಯ ಕಾರ್ಯಕ್ರಮ, ಒಂದಿಷ್ಟು ಸಿನಿಮಾ ಡಿವಿಡಿ. ಇನ್ನೂರರಷ್ಟು ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳು, ಅದರಲ್ಲಿ ನಲವತ್ತಕ್ಕೆ ಹೆಸರೇ ಬರೆದಿಲ್ಲ. ಡಬ್ಬಿಗಳ ಮೇಲೆ ಕ್ಯೂಆರ್ ಕೋಡ್ ಹಾಕಿದರೆ ಎಲ್ಲರೂ ಫೋನಿನಲ್ಲೇ ನೋಡಬಹುದು ಎಂದು ನಮ್ಮ ಯುವ ವಿಭಾಗದವರು ಹೇಳುತ್ತಿದ್ದಾರೆ. ಒಬ್ಬರು ವರ್ಷಕ್ಕಿಷ್ಟು ಎಂದು ಶುಲ್ಕ ತೆಗೆದುಕೊಂಡು ಮಾಡಿಕೊಡುತ್ತೇವೆ ಎಂದಿದ್ದಾರೆ. ಹಿರಿಯರಿಗೆ ಸ್ಕ್ಯಾನ್ ಮಾಡಿದರೆ ದುಡ್ಡು ಹೋಗುತ್ತದೆ ಎಂಬ ಭಯ. ಇದು ಮಾಡುವಂಥ ಕೆಲಸವೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಮಸ್ಕಾರ. ಖಂಡಿತ ಮಾಡುವಂಥ ಕೆಲಸ. ಆದರೆ ನಿಮ್ಮ ಯುವ ವಿಭಾಗದವರು ಸ್ಟಿಕರ್‌ನಿಂದ ಶುರು ಮಾಡುವ ಹಾಗೆ ಕಾಣುತ್ತದೆ. ಸ್ಟಿಕರ್ ಈ ಕೆಲಸದಲ್ಲಿ ಕೊನೆಗೆ ಬರುವುದು. ಅದಕ್ಕಿಂತ ಮುಂಚೆ ಮೂರು ನಾಲ್ಕು ವಿಷಯ ಗಟ್ಟಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಎರಡು ವರ್ಷ ಕಳೆಯುವಷ್ಟರಲ್ಲಿ ನಿಮ್ಮ 600 ಡಬ್ಬಿಗಳ ಮೇಲೆ ಎಲ್ಲಿಗೂ ಹೋಗದ 600 ಕಪ್ಪು ಚೌಕಗಳು ಉಳಿಯುತ್ತವೆ.

ಇದನ್ನು ನಾನು ಅನುಭವಿಸಿದ್ದೇನೆ. ಮುಂಬೈಯ ಕಾಲೇಜು ಲೈಬ್ರರಿಗಳಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿದೆ. ಒಂದು ಕಡೆ ನಮ್ಮಲ್ಲಿ 140 ಡಿವಿಡಿಗಳಿದ್ದವು, ಪಾಠಕ್ಕೆ ಬೇಕಾದ ಸಾಕ್ಷ್ಯಚಿತ್ರಗಳು. ಪುಕ್ಕಟೆಯಾಗಿ ಕೋಡ್ ಮಾಡಿಕೊಡುವ ಒಂದು ವೆಬ್‌ಸೈಟ್ ಸಿಕ್ಕಿತು. ಒಂದು ವಾರದಲ್ಲಿ ಎಲ್ಲ ಡಬ್ಬಿಗೂ ಅಂಟಿಸಿ ಮುಗಿಸಿದೆವು. ಮಕ್ಕಳು ಖುಷಿಯಿಂದ ಬಳಸಿದರು. ಸುಮಾರು ಒಂದು ವರ್ಷ ಕಳೆದ ಮೇಲೆ ಒಬ್ಬ ಹುಡುಗಿ ಬಂದು ಫೋನ್ ತೋರಿಸಿದಳು. ಸ್ಕ್ಯಾನ್ ಮಾಡಿದರೆ ಜಾಹೀರಾತು ಬರುತ್ತಿತ್ತು, ಕೆಳಗೆ 'ಮುಂದುವರಿಯಲು ಹಣ ಕಟ್ಟಿ' ಎಂಬ ಸೂಚನೆ. 140ರಲ್ಲಿ ಒಂದೂ ಕೆಲಸ ಮಾಡಲಿಲ್ಲ. ನಾವು ಇಬ್ಬರು ಕೂತು ಒಂದೊಂದೇ ಸ್ಟಿಕರ್ ಕಿತ್ತೆವು, ಅಂಟು ಹೋಗಲು ಡಬ್ಬಿಗಳನ್ನು ತೆಂಗಿನೆಣ್ಣೆ ಹಚ್ಚಿ ಒರೆಸಿದೆವು. ಅವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಚೌಕದೊಳಗೆ ಇರುವ ವಿಳಾಸ ನಿಮ್ಮ ಸಂಘದ್ದೇ ಆಗಿರಬೇಕು. ಬೇರೆಯವರದ್ದು ಬೇಡ.

ಯಾಕೆ ಅಂತ ಅರ್ಥವಾಗಲು ಆ ಚೌಕದೊಳಗೆ ಏನಿದೆ ಎಂದು ತಿಳಿದುಕೊಂಡರೆ ಸಾಕು. ಅದರೊಳಗೆ ವಿಡಿಯೊ ಇಲ್ಲ. ಬರೀ ಅಕ್ಷರಗಳಿವೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಅವರ ಜೊತೆಗಾರರು ಇದನ್ನು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಮೂಲೆಗಳಲ್ಲಿ ಮೂರು ದೊಡ್ಡ ಚೌಕಗಳು ಕಾಣುತ್ತವಲ್ಲ, ಅವುಗಳಲ್ಲಿ ಕಪ್ಪು ಬಿಳುಪಿನ ಅಳತೆ 1:1:3:1:1. ಬೇರೆ ಮುದ್ರಿತ ಕಾಗದಗಳಲ್ಲಿ ತೀರ ಅಪರೂಪವಾಗಿ ಬರುವ ಅಳತೆ ಯಾವುದು ಎಂದು ಹುಡುಕಿ ಅವರು ಇದನ್ನು ಆರಿಸಿದರು. ಹಾಗಾಗಿಯೇ ಡಬ್ಬಿಯ ಮೇಲೆ ಎಷ್ಟೇ ಚಿತ್ರ, ಬರಹ ಇದ್ದರೂ ಫೋನಿಗೆ ಕೋಡ್ ಎಲ್ಲಿದೆ ಎಂದು ತಟ್ಟನೆ ಗೊತ್ತಾಗುತ್ತದೆ. ಪೇಟೆಂಟ್ ಇದ್ದರೂ ಕಂಪನಿ ಅದನ್ನು ಯಾರ ಮೇಲೂ ಹೇರಲಿಲ್ಲ. ಅಂದರೆ ಕ್ಯೂಆರ್ ಕೋಡ್ ಮಾಡಲು ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ. ಕಂಪ್ಯೂಟರಿಗೆ ಹಾಕಿಕೊಳ್ಳುವ ಉಚಿತ ತಂತ್ರಾಂಶಗಳಿವೆ, ಇಂಟರ್ನೆಟ್ ಇಲ್ಲದೆಯೂ ಒಂದೇ ಸಲಕ್ಕೆ 600 ಕೋಡ್ ಮಾಡಬಹುದು.

ಹಾಗಾದರೆ ವರ್ಷಕ್ಕಿಷ್ಟು ಎಂದು ಕೇಳುವುದು ಯಾವುದಕ್ಕೆ? ಅವರು ನಿಮ್ಮ ವಿಡಿಯೊದ ವಿಳಾಸವನ್ನು ಕೋಡ್‌ನಲ್ಲಿ ಹಾಕುವುದಿಲ್ಲ. ತಮ್ಮ ಒಂದು ಪುಟ್ಟ ವಿಳಾಸ ಹಾಕುತ್ತಾರೆ, ಸ್ಕ್ಯಾನ್ ಮಾಡಿದವರು ಮೊದಲು ಅವರ ಮನೆಗೆ ಹೋಗುತ್ತಾರೆ, ಅವರು ಅಲ್ಲಿಂದ ನಿಮ್ಮ ವಿಡಿಯೊಗೆ ಕಳಿಸುತ್ತಾರೆ. ಇದನ್ನು ಡೈನಾಮಿಕ್ ಕೋಡ್ ಎನ್ನುತ್ತಾರೆ. ಇದರಲ್ಲಿ ಒಂದು ಒಳ್ಳೆಯ ಗುಣ ಇದೆ: ವಿಡಿಯೊ ಬೇರೆ ಕಡೆ ಹೋದರೆ ಸ್ಟಿಕರ್ ಬದಲಿಸದೆ ದಾರಿ ಬದಲಿಸಬಹುದು. ಆದರೆ ಬಾಗಿಲಿನ ಬೀಗದ ಕೈ ಅವರ ಕೈಯಲ್ಲಿರುತ್ತದೆ. ಶುಲ್ಕ ನಿಂತ ದಿನ ಬಾಗಿಲೂ ಮುಚ್ಚುತ್ತದೆ. ದೊಡ್ಡವರನ್ನು ನಂಬಿದರೂ ಇದೇ ಕತೆ. ಗೂಗಲ್‌ನವರದ್ದೇ ಒಂದು ಲಿಂಕ್ ಚಿಕ್ಕದು ಮಾಡುವ ಸೇವೆ ಇತ್ತು, 2019ರಲ್ಲಿ ಹೊಸ ಲಿಂಕ್ ಕೊಡುವುದನ್ನು ನಿಲ್ಲಿಸಿದರು.

ಅದೇ ಗುಣವನ್ನು ನೀವೇ ಪಡೆಯಬಹುದು. ಸಂಘದ ಹೆಸರಿನಲ್ಲಿ ಒಂದು ಚಿಕ್ಕ ಡೊಮೈನ್ ಹೆಸರು, ಅಂದರೆ ಇಂಟರ್ನೆಟ್ ವಿಳಾಸ, ಕೊಂಡುಕೊಳ್ಳಿ. ವರ್ಷಕ್ಕೆ ಸಾಧಾರಣವಾಗಿ ಸಾವಿರ ರೂಪಾಯಿ ಆಸುಪಾಸು. ಆಮೇಲೆ ಪ್ರತಿ ವಿಡಿಯೊಗೂ ಆ ಹೆಸರಿನ ಮುಂದೆ ಬರೀ ನಿಮ್ಮ ರಿಜಿಸ್ಟರ್ ನಂಬರ್ ಹಾಕಿ. 417ನೇ ಕ್ಯಾಸೆಟ್ ಎಂದರೆ ಸಂಘದ ವಿಳಾಸ, ಒಂದು ಓರೆ ಗೀಟು (/), 417. ಅಷ್ಟೇ. ಆ 417 ಇವತ್ತು ಯೂಟ್ಯೂಬ್‌ಗೆ ಹೋಗಲಿ, ನಾಳೆ ಇನ್ನೆಲ್ಲಿಗಾದರೂ ಹೋಗಲಿ, ಸ್ಟಿಕರ್ ಹಾಗೇ ಇರುತ್ತದೆ. ನೇರವಾಗಿ ಯೂಟ್ಯೂಬ್ ಲಿಂಕನ್ನೇ ಕೋಡ್ ಮಾಡಬೇಡಿ ಎಂದು ನಾನು ಪದೇ ಪದೇ ಹೇಳುವುದಕ್ಕೆ ಕಾರಣ ಇದೆ. 2021ರ ಜುಲೈ 23ರಿಂದ ಯೂಟ್ಯೂಬ್‌ನವರು 2017ಕ್ಕೆ ಮುಂಚೆ ಹಾಕಿದ್ದ 'ಅನ್‌ಲಿಸ್ಟೆಡ್' (ಲಿಂಕ್ ಇದ್ದವರಿಗೆ ಮಾತ್ರ ಕಾಣುವ) ವಿಡಿಯೊಗಳನ್ನು, ಮಾಲೀಕರು ಬೇಡ ಎಂದು ತಿಳಿಸದಿದ್ದರೆ, ತಾವೇ ಖಾಸಗಿ ಮಾಡಿದರು. ಸುರಕ್ಷತೆಗಾಗಿ ಮಾಡಿದ್ದು, ಅದು ಸರಿಯೇ ಇರಬಹುದು. ಆದರೆ ಅಂಥ ಲಿಂಕನ್ನು ನೇರವಾಗಿ ಸ್ಟಿಕರ್ ಮಾಡಿ ಅಂಟಿಸಿದ್ದವರ ಚೌಕಗಳೆಲ್ಲ ಒಂದೇ ದಿನ ಕುರುಡಾದವು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಕಮಿಟಿ ಮೀಟಿಂಗ್‌ನಲ್ಲಿ ಬರೆಸಿಡಿ. ಡೊಮೈನ್ ಯಾರದೋ ಮಗನ ಜೀಮೇಲ್‌ನಲ್ಲಿ, ಯಾರದೋ ಸ್ವಂತ ಕಾರ್ಡಿನಲ್ಲಿ ಇರಬಾರದು. ನಮ್ಮ ಸಂಘಗಳಲ್ಲಿ ಏನಾಗುತ್ತದೆ ನಿಮಗೆ ಗೊತ್ತಲ್ಲ. ಎರಡು ಮೂರು ವರ್ಷಕ್ಕೆ ಕಮಿಟಿ ಬದಲಾಗುತ್ತದೆ, ಹುಡುಗ ಕೆಲಸ ಸಿಕ್ಕಿ ಪುಣೆಗೋ ಬೆಂಗಳೂರಿಗೋ ಹೋಗುತ್ತಾನೆ, ರಿನ್ಯೂವಲ್ ಇಮೇಲ್ ಅವನಿಗೆ ಬರುತ್ತದೆ, ಅವನು ನೋಡುವುದಿಲ್ಲ, ಹೆಸರು ಬೇರೆಯವರ ಪಾಲಾಗುತ್ತದೆ. ಸಂಘದ ಇಮೇಲ್, ಸಂಘದ ಖಾತೆ, ಖಜಾಂಚಿಯ ಡೈರಿಯಲ್ಲಿ ರಿನ್ಯೂವಲ್ ತಾರೀಕು. ಒಂದೇ ಸಲ ಐದು ವರ್ಷಕ್ಕೆ ಕಟ್ಟಿಬಿಟ್ಟರೆ ಇನ್ನೂ ಒಳ್ಳೆಯದು.

ವಿಳಾಸ ಚಿಕ್ಕದಾಗಿರಲಿ ಎಂದೆನಲ್ಲ, ಅದರ ಲಾಭ ಕಣ್ಣಿಗೆ ಕಾಣುವಂಥದ್ದು. ಅಕ್ಷರ ಜಾಸ್ತಿಯಾದಷ್ಟೂ ಚೌಕದೊಳಗಿನ ಮನೆಗಳು, ಅಂದರೆ ಕಪ್ಪು ಬಿಳಿ ಚುಕ್ಕಿಗಳು, ಜಾಸ್ತಿಯಾಗುತ್ತವೆ, ಒಂದೊಂದೂ ಸಣ್ಣದಾಗುತ್ತದೆ. 26 ಅಕ್ಷರದೊಳಗಿನ ವಿಳಾಸವಾದರೆ 25 ಅಡ್ಡ 25 ಉದ್ದದ ಕೋಡ್ ಸಾಕು. ಎರಡು ಸೆಂಟಿಮೀಟರ್ ಅಗಲಕ್ಕೆ ಮುದ್ರಿಸಿದರೆ ಒಂದೊಂದು ಮನೆ 0.8 ಮಿಲಿಮೀಟರ್, ಅಂದರೆ ಹಳೆಯ ಫೋನಿಗೂ ಸುಲಭ. ಅದೇ 200 ಅಕ್ಷರದ ಉದ್ದ ಲಿಂಕ್ ಹಾಕಿದರೆ 57 ಅಡ್ಡ 57 ಆಗುತ್ತದೆ, ಅಷ್ಟೇ ಜಾಗದಲ್ಲಿ ಮನೆಯ ಅಗಲ 0.35 ಮಿಲಿಮೀಟರಿಗೆ ಇಳಿಯುತ್ತದೆ. ಸ್ವಲ್ಪ ಶಾಯಿ ಹರಡಿದರೂ ಓದುವುದಿಲ್ಲ. ಕನ್ನಡದಲ್ಲಿ ವಿಡಿಯೊ ಹೆಸರನ್ನು ವಿಳಾಸದೊಳಗೆ ಇಡುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಬೇಡ. ವಿಳಾಸದೊಳಗೆ ಹೋದ ಒಂದು 'ಕ' ಅಕ್ಷರ ಒಳಗಡೆ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ಕನ್ನಡ ಹೆಸರು ಸ್ಟಿಕರ್ ಮೇಲೆ ದೊಡ್ಡದಾಗಿ ಇರಲಿ, ತೆರೆದ ಪುಟದಲ್ಲಿ ಇರಲಿ. ವಿಳಾಸಕ್ಕೆ ಅಂಕೆ ಸಾಕು.

ಮುದ್ರಣದ ವಿಷಯ ಬೇಗ ಹೇಳಿಬಿಡುತ್ತೇನೆ. ಬಿಳಿಯ ಮೇಲೆ ಕಪ್ಪು, ಬೇರೆ ಬಣ್ಣ ಬೇಡ. ಸುತ್ತ ನಾಲ್ಕು ಮನೆಯಷ್ಟು ಬಿಳಿ ಅಂಚು ಬಿಡಲೇಬೇಕು, ಜನ ಇದನ್ನೇ ಕತ್ತರಿಸಿಬಿಡುತ್ತಾರೆ. ಕೋಡ್‌ಗೆ ಗೀಚು ಬಿದ್ದರೂ ಓದುವ ಶಕ್ತಿ ನಾಲ್ಕು ಮಟ್ಟದಲ್ಲಿರುತ್ತದೆ, ಸುಮಾರು 7, 15, 25, 30 ಶೇಕಡ. ನಿಮಗೆ ಶೇಕಡ 15ರ ಮಟ್ಟ ಸಾಕು, ಮೇಲೆ ಹೇಳಿದ ಅಳತೆಗಳೂ ಆ ಮಟ್ಟದವೇ. ನಡುವೆ ಸಂಘದ ಲಾಂಛನ ಹಾಕಬೇಕು ಎಂದು ಯಾರಾದರೂ ಹೇಳುತ್ತಾರೆ. ಆ ಲಾಂಛನ ಈ ರಕ್ಷಣೆಯನ್ನೇ ತಿನ್ನುತ್ತದೆ, ಪಕ್ಕದಲ್ಲಿ ಹಾಕಿ. ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಬಿಳಿ ಪಟ್ಟೆಯಾಗಿ ಕೂರುತ್ತದೆ. ಮ್ಯಾಟ್ ಕೇಳಿ. ಅಂಟಿಸುವುದು ಡಬ್ಬಿಯ ಮುಂಭಾಗದಲ್ಲಿ, ಬೆನ್ನಿನ ಮೇಲಲ್ಲ, ಡಿವಿಡಿ ಡಬ್ಬಿಯ ಬೆನ್ನು ಒಂದೂವರೆ ಸೆಂಟಿಮೀಟರೂ ಇರುವುದಿಲ್ಲ. ಡಿಸ್ಕಿನ ಮೇಲೆ ಮತ್ತು ಕ್ಯಾಸೆಟ್ ಮೇಲೆ ಮಾತ್ರ ಯಾವ ಕಾರಣಕ್ಕೂ ಅಂಟಿಸಬೇಡಿ. ಕಾಗದ ಅಂಟಿದ ಡಿಸ್ಕ್ ತಿರುಗುವಾಗ ತೂಕ ತಪ್ಪುತ್ತದೆ. ಕ್ಯಾಸೆಟ್ ಮೇಲಿನ ಸ್ಟಿಕರ್ ಮೂಲೆ ಎದ್ದರೆ ಪ್ಲೇಯರ್ ಒಳಗೆ ಸಿಕ್ಕಿಕೊಳ್ಳುತ್ತದೆ. ಗೋಡೆಗೆ ಪೋಸ್ಟರ್ ಹಾಕುವುದಾದರೆ ದೂರದ ಹತ್ತನೇ ಒಂದು ಭಾಗ ಎಂಬ ಲೆಕ್ಕ ಇಟ್ಟುಕೊಳ್ಳಿ: ಎರಡು ಮೀಟರ್ ದೂರ ನಿಂತು ಸ್ಕ್ಯಾನ್ ಮಾಡಬೇಕಾದರೆ 20 ಸೆಂಟಿಮೀಟರ್ ಚೌಕ.

ಈಗ ಹಿರಿಯರ ಭಯದ ವಿಷಯ. ಇದನ್ನು ಸುಮ್ನೆ ತಳ್ಳಿಹಾಕಬೇಡಿ. ನಮ್ಮ ಜನಕ್ಕೆ ಕ್ಯೂಆರ್ ಪರಿಚಯವಾದದ್ದೇ ತರಕಾರಿ ಅಂಗಡಿಯಲ್ಲಿ, ರಿಕ್ಷಾದಲ್ಲಿ, ಯುಪಿಐ ಮೂಲಕ. ಅವರ ಮಟ್ಟಿಗೆ ಚೌಕ ಎಂದರೆ ದುಡ್ಡು ಕೊಡುವ ಜಾಗ. ಅಂಗಡಿಯ ಕೋಡ್ ಮೇಲೆ ಮೋಸಗಾರರು ತಮ್ಮ ಕೋಡ್ ಅಂಟಿಸಿದ ಸುದ್ದಿಯನ್ನು ಅವರು ಪೇಪರಿನಲ್ಲಿ ಓದಿರುತ್ತಾರೆ. ಹಾಗಾಗಿ ಭಯ ಬುದ್ಧಿವಂತಿಕೆಯದ್ದೇ. ನೀವು ಮಾಡಬೇಕಾದ್ದು ಎರಡು. ಪ್ರತಿ ಸ್ಟಿಕರ್ ಮೇಲೆ ಕನ್ನಡದಲ್ಲಿ ಒಂದು ಸಾಲು ಇರಲಿ: 'ಇದು ಈ ವಿಡಿಯೊದ ಕೋಡ್. ಇಲ್ಲಿ ಹಣ ಕೇಳುವುದಿಲ್ಲ.' ಅದರ ಕೆಳಗೆ ಕೋಡ್‌ನಲ್ಲಿರುವ ವಿಳಾಸವನ್ನೇ ಓದುವ ಅಕ್ಷರದಲ್ಲಿ ಹಾಕಿ. ಸ್ಕ್ಯಾನ್ ಮಾಡಿದಾಗ ಫೋನಿನಲ್ಲಿ ಬರುವ ವಿಳಾಸವೂ ಸ್ಟಿಕರ್ ಮೇಲಿನದ್ದೂ ಒಂದೇ ಆಗಿದ್ದರೆ ಮಾತ್ರ ಮುಂದೆ ಹೋಗಿ ಎಂದು ಹೇಳಿಕೊಡಿ. ಚಿಕ್ಕ ವಿಳಾಸ ಇಲ್ಲೂ ಕೆಲಸಕ್ಕೆ ಬರುತ್ತದೆ, ಸ್ಕ್ಯಾನ್ ಬಾರದವರು ಬೆರಳಿನಲ್ಲಿ ಟೈಪ್ ಮಾಡಬಹುದು. ಎರಡನೆಯದು, ಹಣದ ಕೋಡ್ ಮತ್ತು ವಿಡಿಯೊ ಕೋಡ್ ಒಂದೇ ಕೋಣೆಯಲ್ಲಿ ಇರಬಾರದು. ದೇಣಿಗೆಯ ಕೋಡ್ ಆಫೀಸಿನಲ್ಲಿರಲಿ.

ನಿಮ್ಮ ಹಾಲ್‌ನಲ್ಲಿ ನೆಟ್‌ವರ್ಕ್ ಬರುತ್ತದೆಯೇ ಎಂದು ಕಪಾಟಿನ ಮುಂದೆ ನಿಂತು ನೋಡಿದ್ದೀರಾ? ಮುಂಬೈಯ ಹಳೆಯ ಕಟ್ಟಡಗಳ ನೆಲಮಹಡಿಯಲ್ಲಿ ಅರ್ಧ ಕಡೆ ಬರುವುದಿಲ್ಲ. ಬರದಿದ್ದರೆ ವೈಫೈ ಮೊದಲು, ಸ್ಟಿಕರ್ ಆಮೇಲೆ. ಎರಡು ಇಯರ್‌ಫೋನ್, ಒಂದು ಹಳೆಯ ಟ್ಯಾಬ್ಲೆಟ್ ಲೈಬ್ರರಿಯಲ್ಲೇ ಇಟ್ಟುಬಿಡಿ, ಸ್ಮಾರ್ಟ್‌ಫೋನ್ ಇಲ್ಲದವರಿಗೆ.

ಆದರೆ ಇಷ್ಟೆಲ್ಲ ಮಾಡಿದರೂ ಕೋಡ್ ತೋರಿಸಬೇಕಾದ ವಿಡಿಯೊ ಇನ್ನೂ ಕ್ಯಾಸೆಟ್‌ನೊಳಗೇ ಇದೆ, ಅಲ್ವಾ? ನಿಮ್ಮ ಇನ್ನೂರು ವಿಎಚ್‌ಎಸ್‌ಗಳಿಗೆ ಅವಸರ ಇದೆ. ಟೇಪಿನ ಮೇಲಿನ ಕಾಂತೀಯ ಲೇಪ ವಯಸ್ಸಾದಂತೆ ಸಡಿಲವಾಗುತ್ತದೆ, ಮುಂಬೈ ಮಳೆಗಾಲದ ತೇವ ಅದಕ್ಕೆ ಶತ್ರು. ಡಬ್ಬಿ ತೆಗೆದು ಕ್ಯಾಸೆಟ್‌ನ ಕಿಟಕಿಯಲ್ಲಿ ಟೇಪಿನ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿಯ ಹಾಗೆ, ಹತ್ತಿಯ ಎಳೆಯ ಹಾಗೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಪ್ಲೇಯರಿಗೆ ಹಾಕಲೇಬೇಡಿ, ಪ್ಲೇಯರ್ ಕೆಡುತ್ತದೆ, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್‌ಗೂ ಅಂಟುತ್ತದೆ. ಅವನ್ನು ಬೇರೆ ಪೆಟ್ಟಿಗೆಯಲ್ಲಿ ಇಟ್ಟು ಗೊತ್ತಿದ್ದವರಿಂದ ಸ್ವಚ್ಛ ಮಾಡಿಸಿ. ಪ್ಲೇಯರೂ ಸುಲಭಕ್ಕೆ ಸಿಗುವುದಿಲ್ಲ. ಈ ಪ್ಲೇಯರ್, ಅಂದರೆ ವಿಸಿಆರ್, ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ವಿಚಾರಿಸಿ, ತಗೊಳ್ಳುವ ಮುಂಚೆ ನಿಮಗೆ ಬೇಡವಾದ ಒಂದು ಕ್ಯಾಸೆಟ್ ಹಾಕಿ ಹತ್ತು ನಿಮಿಷ ಓಡಿಸಿ, ಟೇಪ್ ಸುಕ್ಕಾಗದೆ ಹೊರಬರುತ್ತದೆಯೇ ನೋಡಿ. ಮನೆಯಲ್ಲಿ ರೆಕಾರ್ಡ್ ಮಾಡಿದ ಡಿವಿಡಿಗಳನ್ನೂ ನಂಬಬೇಡಿ, ಅವು ಬರೀ ಬಣ್ಣದ ಪದರದ ಮೇಲೆ ಬರೆದವು, ಅದು ಮಾಸುತ್ತದೆ.

ಫೈಲ್ ಆದ ಮೇಲೆ ಮೂರು ಪ್ರತಿ ಇಡಿ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಬೇರೆ ಏರಿಯಾದ ಸದಸ್ಯರ ಮನೆಯಲ್ಲಿ ಅಥವಾ ಕ್ಲೌಡ್‌ನಲ್ಲಿ. ಬೇರೆ ಏರಿಯಾ ಯಾಕೆ ಎಂದು ಮುಂಬೈಯವರಿಗೆ ಹೇಳಬೇಕಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಆ ವಾರ ನೆಲಮಹಡಿಯ ಕಪಾಟುಗಳಿಂದ ಒದ್ದೆ ಪುಸ್ತಕ ಹೊರಗೆ ಹೊತ್ತವರಲ್ಲಿ ನಾನೂ ಒಬ್ಬಳು.

ಅನುಮತಿಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ಬಹಳ ಸಂಘಗಳು ಎಡವುತ್ತವೆ. ಸಂಗ್ರಹವನ್ನು ಮೂರು ರಾಶಿ ಮಾಡಿ. ಕೊಂಡ ಸಿನಿಮಾ ಡಿವಿಡಿಗಳು ಒಂದು ರಾಶಿ. ಅವನ್ನು ಎಲ್ಲಿಗೂ ಅಪ್‌ಲೋಡ್ ಮಾಡುವಂತಿಲ್ಲ. ಸಿನಿಮಾದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ. ಅವುಗಳ ಕೋಡ್ ಒಂದು ಮಾಹಿತಿ ಪುಟಕ್ಕೆ ಹೋಗಲಿ: ಕತೆಯ ನಾಲ್ಕು ಸಾಲು, ನಿರ್ಮಾಪಕರೇ ಹಾಕಿದ ಟ್ರೇಲರ್ ಇದ್ದರೆ ಅದರ ಲಿಂಕ್, ಡಿಸ್ಕ್ ಈಗ ಕಪಾಟಿನಲ್ಲಿದೆಯೇ ಯಾರಾದರೂ ಒಯ್ದಿದ್ದಾರೆಯೇ ಎಂಬುದು. ಇಷ್ಟಿದ್ದರೂ ಓದುಗರಿಗೆ ದೊಡ್ಡ ಉಪಕಾರ. ಎರಡನೆಯ ರಾಶಿ, ನಿಮ್ಮ ಸಂಘವೇ ಮಾಡಿಸಿದ ಕಾರ್ಯಕ್ರಮಗಳ ರೆಕಾರ್ಡಿಂಗ್. ಕ್ಯಾಮೆರಾ ನಿಮ್ಮದಾದ ಮಾತ್ರಕ್ಕೆ ಎಲ್ಲ ನಿಮ್ಮದಾಗುವುದಿಲ್ಲ. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ, ನಾಟಕ ಬರೆದವರ ಹಕ್ಕು ಅವರು ತೀರಿಹೋದ ಮೇಲೂ 60 ವರ್ಷ ಉಳಿಯುತ್ತದೆ. ಮೂರನೆಯದು ಯಾರು ತೆಗೆದದ್ದು ಎಂದು ಗೊತ್ತಿಲ್ಲದವು.

ಒಂದು ಸಮಾಧಾನ ಇದೆ. 2012ರ ತಿದ್ದುಪಡಿಯ ನಂತರ ಹಕ್ಕುಸ್ವಾಮ್ಯ ಕಾನೂನಿನ 52ನೇ ಕಲಂ, ಲಾಭಕ್ಕಾಗಿ ನಡೆಸದ ಸಾರ್ವಜನಿಕ ಲೈಬ್ರರಿಗಳು ತಮ್ಮಲ್ಲಿ ಈಗಾಗಲೇ ಇರುವ, ಡಿಜಿಟಲ್ ಅಲ್ಲದ ಪ್ರತಿಯನ್ನು ಉಳಿಸುವುದಕ್ಕಾಗಿ ಡಿಜಿಟಲ್ ಮಾಡಿಡಲು ಅವಕಾಶ ಕೊಡುತ್ತದೆ. ಉಳಿಸಲು ಅವಕಾಶ, ಊರಿಗೆಲ್ಲ ಹಂಚಲು ಅಲ್ಲ. ನಿಮ್ಮ ಲೈಬ್ರರಿ ಆ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂದು ಸಂಘದಲ್ಲಿರುವ ವಕೀಲರನ್ನು ಒಮ್ಮೆ ಕೇಳಿ. ನಮ್ಮ ಸಂಘಗಳಲ್ಲಿ ವಕೀಲರಿಗೆ ಬರವಿಲ್ಲ. ಆಮೇಲೆ ಒಂದು ಪುಟದ ಒಪ್ಪಿಗೆ ಪತ್ರ ಮಾಡಿಸಿ, ಮೇಳದವರಿಗೆ, ನಾಟಕ ತಂಡದವರಿಗೆ, ಅವರಿಲ್ಲದಿದ್ದರೆ ಮನೆಯವರಿಗೆ ಕೊಟ್ಟು ಸಹಿ ತಗೊಳ್ಳಿ. ಮೂರು ಆಯ್ಕೆ ಇರಲಿ: ಎಲ್ಲರೂ ನೋಡಬಹುದು, ಲೈಬ್ರರಿಯೊಳಗೆ ಮಾತ್ರ, ಸದ್ಯಕ್ಕೆ ಬೇಡ. ನಾನು ಕೇಳಿದಾಗೆಲ್ಲ ಬಹುಪಾಲು ಜನ ಸಂತೋಷದಿಂದ ಒಪ್ಪಿದ್ದಾರೆ. ಕೇಳದೆ ಹಾಕಿದಾಗ ಮಾತ್ರ ಮನಸ್ಸು ನೋಯುತ್ತದೆ. ಮಕ್ಕಳ ಕಾರ್ಯಕ್ರಮಗಳನ್ನು ತೆರೆದಿಡಬೇಡಿ, ಇದರಲ್ಲಿ ಎರಡು ಮಾತಿಲ್ಲ.

ಈಗ ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಸ್ಕ್ಯಾನ್ ಮಾಡಿದಾಗ ತೆರೆಯುವ ಪುಟದಲ್ಲಿ ಏನಿರಬೇಕು? ವಿಡಿಯೊ ಮಾತ್ರ ಇದ್ದರೆ ಅದು ಯೂಟ್ಯೂಬ್. ಲೈಬ್ರರಿಯ ಪುಟ ಎಂದರೆ ಪ್ರಸಂಗದ ಹೆಸರು, ತಾರೀಕು, ಸ್ಥಳ, ಭಾಗವತರು ಯಾರು, ಮದ್ದಳೆ ಯಾರದು, ಚೆಂಡೆ ಯಾರದು, ಮುಮ್ಮೇಳದಲ್ಲಿ ಯಾವ ಪಾತ್ರ ಯಾರು ಮಾಡಿದರು, ಯಾರು ರೆಕಾರ್ಡ್ ಮಾಡಿದರು, ಮೂಲ ಕ್ಯಾಸೆಟ್ ಯಾವ ಕಪಾಟಿನಲ್ಲಿದೆ. ಮೂರು ಗಂಟೆಯ ಆಟದಲ್ಲಿ ಒಡ್ಡೋಲಗ (ಪಾತ್ರಗಳ ಮೊದಲ ಪ್ರವೇಶ) ಎಷ್ಟನೇ ನಿಮಿಷಕ್ಕೆ, ಯುದ್ಧ ಎಷ್ಟನೇ ನಿಮಿಷಕ್ಕೆ ಎಂದು ಬರೆದಿಡಿ, ಒತ್ತಿದರೆ ಅಲ್ಲಿಗೇ ಹೋಗುವಂತೆ ಮಾಡಿ. ಪೂರ್ತಿ ಆಟ ಫೋನಿನಲ್ಲಿ ನೋಡುವವರು ಕಡಿಮೆ, ಒಂದು ಪದ ಕೇಳಬೇಕು ಎಂದು ಬರುವವರು ಜಾಸ್ತಿ.

ಈ ವಿವರಗಳು ಎಲ್ಲಿಂದ ಬರಬೇಕು? ಡಬ್ಬಿಯ ಮೇಲೆ ಬರೆದಿಲ್ಲ. ಅವು ಜನರ ತಲೆಯಲ್ಲಿವೆ. ಮುಂಬೈಯ ಕನ್ನಡ ಸಂಘಜೀವನ ಸಣ್ಣದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರು ಇಲ್ಲಿ ವೇಷ ಕಟ್ಟಿದ್ದಾರೆ, ನಾಟಕ ಆಡಿದ್ದಾರೆ. ಅವರಲ್ಲಿ ಎಷ್ಟೋ ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಇಂಥ ಕ್ಯಾಸೆಟ್‌ನಲ್ಲಿ ಮುಖ ಮಾತ್ರ ಇದೆ. ಆ ಮುಖ ಗುರುತಿಸುವವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು.

ಹಾಗಾಗಿ ಪ್ರತಿ ಪುಟದ ಕೆಳಗೆ ಒಂದು ಚಿಕ್ಕ ಫಾರ್ಮ್ ಇರಲಿ: 'ಈ ವಿಡಿಯೊದಲ್ಲಿ ಯಾರನ್ನಾದರೂ ಗುರುತಿಸಿದಿರಾ?' ಕನ್ನಡದಲ್ಲಿ ಬರೆಯಬಹುದು, ಟೈಪ್ ಬಾರದವರು ಧ್ವನಿ ರೆಕಾರ್ಡ್ ಮಾಡಿ ವಾಟ್ಸಾಪ್‌ಗೆ ಕಳಿಸಬಹುದು. ನಾನು ಸಹಾಯ ಮಾಡಿದ ಒಂದು ಚಿಕ್ಕ ಸಂಗ್ರಹದಲ್ಲಿ ಹೀಗೆ ಮಾಡಿದ್ದೆವು. ಕುಂದಾಪುರ ಕಡೆಯ ಒಬ್ಬ ಹಿರಿಯರು, ಬಹಳ ವರ್ಷ ಕ್ಯಾಂಟೀನ್‌ನಲ್ಲಿ ಕೆಲಸ ಮಾಡಿದವರು, ಮೊಮ್ಮಗಳ ಜೊತೆ ಬಂದಿದ್ದರು. ಮೊಮ್ಮಗಳು ಒಂದು ಡಬ್ಬಿಯ ಮೇಲೆ ಫೋನ್ ಹಿಡಿದಳು. ಚಿತ್ರ ಅಷ್ಟು ಸರಿಯಿರಲಿಲ್ಲ, ಮೇಲೆ ಕೆಳಗೆ ಗೆರೆಗಳು ಹರಿಯುತ್ತಿದ್ದವು. ಅಜ್ಜ ಪರದೆ ನೋಡಲಿಲ್ಲ. ಕಿವಿ ಹತ್ತಿರ ತಂದು ಚೆಂಡೆ ಕೇಳಿದರು, ಒಂದು ನಿಮಿಷದೊಳಗೆ ಬಾರಿಸುತ್ತಿದ್ದವರ ಹೆಸರು, ಅವರ ಊರು, ಅವರು ಯಾವ ಹೋಟೆಲಿನಲ್ಲಿ ಗಲ್ಲೆಯಲ್ಲಿ, ಅಂದರೆ ಹಣದ ಪೆಟ್ಟಿಗೆಯ ಮುಂದೆ, ಕೂರುತ್ತಿದ್ದರು ಎಂದೆಲ್ಲ ಹೇಳಿದರು. ನಮ್ಮ ರಿಜಿಸ್ಟರಿನಲ್ಲಿ ಆ ಕ್ಯಾಸೆಟ್ ಎದುರು ಇದ್ದದ್ದು 'ಯಕ್ಷಗಾನ, 3' ಎಂಬಷ್ಟೇ. ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಂಡೆ. ಇನ್ನಿಬ್ಬರು ಹಿರಿಯರನ್ನು ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಪುಟಕ್ಕೆ ಸೇರಿಸಿದೆವು. ನೀವೂ ಇಬ್ಬರು ಹೇಳಿದ ಮೇಲೆಯೇ ಸೇರಿಸಿ, ನೆನಪು ಕೈಕೊಡುತ್ತದೆ.

ಇನ್ನೊಂದು ಉಪಾಯ ಹೇಳುತ್ತೇನೆ. ಫೈಲ್ ಆಗಿರುವ, ಇಂಟರ್ನೆಟ್‌ನಲ್ಲೇ ಇರುವ ವಿಡಿಯೊಗಳಿಗೂ ಕಪಾಟಿನಲ್ಲಿ ಜಾಗ ಕೊಡಿ. ಖಾಲಿ ಡಿವಿಡಿ ಡಬ್ಬಿ, ಅದಕ್ಕೊಂದು ಮುದ್ರಿಸಿದ ಹೊದಿಕೆ, ಹೆಸರು, ಕೋಡ್. ಒಳಗೆ ಡಿಸ್ಕ್ ಇಲ್ಲ ಎಂದು ಮೇಲೆಯೇ ಬರೆದಿರಿ. ಲೈಬ್ರರಿಗೆ ಬಂದವರು ಕಪಾಟು ನೋಡುತ್ತಾರೆ, ಕಣ್ಣಿಗೆ ಬಿದ್ದದ್ದನ್ನು ಎತ್ತುತ್ತಾರೆ. ಕಂಪ್ಯೂಟರಿನೊಳಗಿನ ಪಟ್ಟಿಯನ್ನು ಯಾರೂ ತೆರೆಯುವುದಿಲ್ಲ. ಓದುಗರ ಸಮಯ ಉಳಿಸಿ ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ನಾಲ್ಕನೆಯದಾಗಿ ಹೇಳಿದ್ದರು, ಈ ಖಾಲಿ ಡಬ್ಬಿ ಮಾಡುವ ಕೆಲಸ ಅದೇ. ಮೂಲ ಕ್ಯಾಸೆಟ್‌ಗಳನ್ನು ಬೀಗ ಹಾಕಿದ ಒಣ ಕಪಾಟಿಗೆ ಸಾಗಿಸಿ, ಹೊರಗೆ ಡಬ್ಬಿ ಮಾತ್ರ ಇಟ್ಟರೆ ಅವುಗಳ ಆಯಸ್ಸೂ ಹೆಚ್ಚುತ್ತದೆ.

ಪಟ್ಟಿಗೆ ದೊಡ್ಡ ತಂತ್ರಾಂಶ ಬೇಕೇ ಎಂದು ಕೇಳುತ್ತೀರೇನೋ. ಪುಸ್ತಕಗಳಿಗೆ ಕೊಹಾ ಎಂಬ ಲೈಬ್ರರಿ ತಂತ್ರಾಂಶ ಬಳಸುತ್ತಿದ್ದರೆ ಅದರಲ್ಲೇ ಇದಕ್ಕೆಂದು 856 ನಂಬರಿನ ಜಾಗ ಇದೆ, ಲಿಂಕ್ ಅಲ್ಲಿ ಹಾಕಿ. ಇಲ್ಲದಿದ್ದರೆ ಒಂದು ಎಕ್ಸೆಲ್ ಶೀಟ್ ಸಾಕು: ನಂಬರ್, ಹೆಸರು, ವಿಳಾಸ ಎಲ್ಲಿಗೆ ಹೋಗುತ್ತದೆ, ಅನುಮತಿ ಯಾವ ಮಟ್ಟದ್ದು, ಕೊನೆಗೆ ಯಾವಾಗ ಪರೀಕ್ಷಿಸಿದಿರಿ. ಆ ಶೀಟನ್ನು ವರ್ಷಕ್ಕೊಮ್ಮೆ ಕಾಗದದ ಮೇಲೆ ಮುದ್ರಿಸಿ ಫೈಲ್ ಮಾಡಿ. ಎಷ್ಟು ಸಲ ಸ್ಕ್ಯಾನ್ ಆಯಿತು ಎಂಬ ಲೆಕ್ಕ ಇಡಿ, ಯಾರು ಏನು ನೋಡಿದರು ಎಂಬುದು ನಮಗೆ ಬೇಡ. ಅದು ಓದುಗರ ಸ್ವಂತ ವಿಷಯ.

ಪರೀಕ್ಷೆಗೆ ಎರಡು ದಿನ ಗೊತ್ತು ಮಾಡಿ. ಒಂದು ಮೇ ತಿಂಗಳಲ್ಲಿ, ಮಳೆಗೆ ಮುಂಚೆ. ಇನ್ನೊಂದು ಆಗಸ್ಟ್ 12, ಗ್ರಂಥಪಾಲಕರ ದಿನ. ಅವತ್ತು ಯುವ ವಿಭಾಗದ ಎಲ್ಲರನ್ನೂ ಕರೆದು ಆಳಿಗೆ ಐವತ್ತು ಡಬ್ಬಿ ಹಂಚಿ. 600 ಕೋಡ್ ಒಂದೂವರೆ ಗಂಟೆಯ ಕೆಲಸ.

ಶುರು ಎಲ್ಲಿಂದ ಎಂದು ಕೇಳಿದ್ದಿರಿ. ಹೆಸರೇ ಇಲ್ಲದ ಆ ನಲವತ್ತು ಕ್ಯಾಸೆಟ್‌ಗಳಿಂದ. ಬೂಷ್ಟು ಹಿಡಿಯದವುಗಳಲ್ಲಿ ಇಪ್ಪತ್ತು ಆರಿಸಿ ಫೈಲ್ ಮಾಡಿಸಿ, ಕಲಾವಿದರು ಯಾರೆಂದು ಗೊತ್ತಾಗಿ ಒಪ್ಪಿಗೆ ಸಿಗುವ ತನಕ ಲೈಬ್ರರಿಯ ವೈಫೈನಲ್ಲಿ ಮಾತ್ರ ತೆರೆಯುವ ಹಾಗೆ ಇಡಿ. ಇಪ್ಪತ್ತು ಸ್ಟಿಕರ್ ಮಾಡಿ, ಒಂದು ಭಾನುವಾರ ಹಿರಿಯರನ್ನು ಚಹಾಕ್ಕೆ ಕರೆಯಿರಿ. ಪೆನ್ನು, ನೋಟ್‌ಬುಕ್ ಹಿಡಿದು ಒಬ್ಬರು ಪಕ್ಕದಲ್ಲೇ ಕೂತಿರಲಿ. 600 ಮುದ್ರಿಸುವ ಮೊದಲು ಸ್ಟಿಕರ್‌ನ ಒಂದು ಹಾಳೆಯ ಫೋಟೊ ನನಗೆ ಕಳಿಸಿ, ನನ್ನ ಹಳೆಯ ಫೋನಿನಲ್ಲಿ ಓದುತ್ತದೆಯೇ ಎಂದು ನೋಡಿ ಹೇಳುತ್ತೇನೆ.